ಟ್ರ್ಯಾಕ್ಟರ್ ಇಂಜಿನ್ ಮಿಸ್ಸಿಂಗ್ ಹೊಡೆದರೆ

ನಮ್ಮ ಅಂದೋಲಾ ಸೀಮೆಯ ಎರೆಹೊಲದಲ್ಲಿ ಹಿಂಗಾರಿ ಬಿತ್ತಿಗೆಯ ಹದ ಬಹಳ ದಿನ ನಿಲ್ಲುವುದಿಲ್ಲ. ಅಂಥ ವೇಳೆಯಲ್ಲಿ ಟರ್ಬೊ ಇರುವ ಟ್ರ್ಯಾಕ್ಟರು ಮಿಸ್ಸಿಂಗ್ ಹೊಡೆಯತೊಡಗಿದರೆ ಗಾಬರಿಯಿಂದ ಪಂಪು ಬಿಚ್ಚಿಸಬ್ಯಾಡ್ರಿ. ದೋಷ ಎಲ್ಲಿದೆ ಎಂದು ಗೊತ್ತುಮಾಡಿಕೊಂಡ ಮೇಲೆಯೇ ಹಣ ಖರ್ಚು ಮಾಡತಕ್ಕದ್ದು.

ಮೊದಲು ಹೊಗೆ ನೋಡ್ರಿ. ಟರ್ಬೊ ಎಂಬುದು ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ. ಭಾರ ಎಳೆಯುವಾಗ ಮಾತ್ರ ತಡಬಡಿಸಿ ಕರಿಹೊಗೆ ಬಂದರೆ ಗಾಳಿ ಸಾಲುತ್ತಿಲ್ಲವೆಂದು ಸಂಶಯಿಸಬೇಕು. ಏರ್ ಫಿಲ್ಟರಿನ ಧೂಳು, ರಬ್ಬರ್ ಪೈಪಿನ ಸೀಳು, ಸಡಿಲಾದ ಕ್ಲಿಪ್ಪು ನೋಡಿರಿ. ಬಿಟ್ಟುಬಿಟ್ಟು ನಡೆದರೆ ಡೀಸೆಲ್ಲಿನಲ್ಲಿ ನೀರೋ ಗಾಳಿಯೋ ಸೇರಿರಬಹುದು. ಫಿಲ್ಟರಿನ ತಳದ ನೀರು ಇಳಿಸಿ, ಗಾಳಿ ತೆಗೆಯಿರಿ.

ಒಂದೇ ಸಮನೆ ಲಯ ತಪ್ಪುತ್ತಿದ್ದರೆ ಯಾವುದೋ ಒಂದು ಸಿಲಿಂಡರು ದುಡಿಯುತ್ತಿಲ್ಲ. ಹಳೆಯ ಪದ್ಧತಿಯ ಪಂಪಿದ್ದರೆ, ಬಲ್ಲ ಮೆಕ್ಯಾನಿಕ್ ನಿಧಾನ ಓಟದಲ್ಲಿ ಇಂಜೆಕ್ಟರ್ ಪೈಪುಗಳ ನಟ್ಟು ಒಂದೊಂದಾಗಿ ಸಡಿಲಿಸುತ್ತಾನೆ. ಯಾವುದನ್ನು ಸಡಿಲಿಸಿದಾಗ ಸಪ್ಪಳ ಬದಲಾಗುವುದಿಲ್ಲವೋ ಅದೇ ಕೆಟ್ಟ ಸಿಲಿಂಡರು. ಅದರ ಇಂಜೆಕ್ಟರನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿಸಿರಿ. ದೋಷವೂ ಸಂಗಡ ಹೋದರೆ ಇಂಜೆಕ್ಟರ್ ಕೆಟ್ಟಿದೆ. ಅಲ್ಲಿಯೇ ನಿಂತರೆ ಪಂಪು, ವಾಲ್ವು, ಕಂಪ್ರೆಷನ್ ನೋಡಿಸಬೇಕು.

2023ರ ಜನವರಿ 1ರಿಂದ 50 ಹಾರ್ಸ್‌ಪವರ್ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿದೆ. ಅಂಥವುಗಳಲ್ಲಿ ಕಾಮನ್ ರೇಲ್ ಇದ್ದರೆ, ಇಂಜಿನ್ ನಡೆಯುವಾಗ ಎಂದಿಗೂ ನಟ್ಟು ಸಡಿಲಿಸಕೂಡದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೊಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಂಥ ಗಾಡಿಗೆ ಕಂಪ್ಯೂಟರ್ ಹಚ್ಚಿಸಿ ದೋಷ ಕಂಡುಹಿಡಿಸುವುದೇ ಸರಿಯಾದ ದಾರಿ.