ತಿರುವಿನಲ್ಲಿ ವಾಲುವುದೇಕೆ?

ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲಿ 1990ರಲ್ಲಿ ತೆರೆದ ಮೋಟಾರು ಪಂದ್ಯದ ಪಥವಿದೆ; ಒಂದು ಸುತ್ತು ಸುಮಾರು 3.7 ಕಿ.ಮೀ. ಹವ್ಯಾಸಿಗಳಾದ ನಾವು ಬೈತಖೋಲದಿಂದ ಅಲ್ಲಿಗೆ ಹೋದೆವು. ಶನಿವಾರ ಅಭ್ಯಾಸ, ಭಾನುವಾರ ಪಂದ್ಯ. ಮೊದಲು ತಪಾಸಣೆ: ಕನ್ನಡಿಗಳನ್ನು ಕಳಚಿಸಿದರು. ಬಿದ್ದಾಗ ಗಾಜು ಚೆಲ್ಲಬಾರದಲ್ಲವೆ!

ತಿರುವಿನಲ್ಲಿ ಮೋಟಾರು ಸೈಕಲ್ಲನ್ನು ಕೇಂದ್ರದತ್ತ ಸೆಳೆಯುವುದು ಟಯರಿಗೂ ನೆಲಕ್ಕೂ ನಡುವಣ ಘರ್ಷಣೆ. ಈ ಸೆಳೆತವು ನೆಲಮಟ್ಟದಲ್ಲಿರುವುದರಿಂದ ನೆಟ್ಟಗೆ ಕುಳಿತವನು ಹೊರಕ್ಕೆ ಉರುಳುವನು. ಒಳಕ್ಕೆ ವಾಲಿದರೆ ಭಾರವು ಅದನ್ನು ಸರಿದೂಗಿಸುವುದು. ವಾಲಬೇಕಾದುದೆಷ್ಟು? ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿರಿ. ಬಂದುದು ಕೋನದ ಸ್ಪರ್ಶಕ. 40 ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 72 ಕಿ.ಮೀ. ವೇಗಕ್ಕೆ ಸುಮಾರು 45 ಡಿಗ್ರಿ. ವೇಗವನ್ನು ಐದನೆಯ ಒಂದು ಪಾಲು ಹೆಚ್ಚಿಸಿದರೆ 55 ಡಿಗ್ರಿ! ಬೇಕಾಗುವ ಘರ್ಷಣೆ ಸುಮಾರು ಒಂದೂವರೆ ಪಟ್ಟು. ಪಂದ್ಯದಲ್ಲಿ ನಮ್ಮನ್ನು ಹಿಂದಿಕ್ಕಿದವರೆಲ್ಲ ಈ ಲೆಕ್ಕವನ್ನು ಮೊಣಕಾಲಿನಲ್ಲೇ ಮಾಡುತ್ತಿದ್ದರು.

ಈಗ ನಮ್ಮೂರಿನ ಗುಡ್ಡದ ರಸ್ತೆಗೆ ಬನ್ನಿರಿ. ಪಂದ್ಯದ ಅಭ್ಯಾಸವನ್ನು ಇಲ್ಲಿಯೇ ಮಾಡಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಮಳೆಯಲ್ಲಿ ಘರ್ಷಣಾಂಕ 0.5ಕ್ಕೆ ಇಳಿಯಿತೆನ್ನಿ, ಅಂಥದೇ ತಿರುವಿನಲ್ಲಿ ಗಂಟೆಗೆ 51 ಕಿ.ಮೀ. ದಾಟುವಾಗಲೇ ಟಯರು ಜಾರುವುದು. ಪಥದಲ್ಲಿ ಜಾರಿದವನಿಗೆ ಪಕ್ಕದಲ್ಲಿ ಬಯಲಿದೆ. ಇಲ್ಲಿ ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಕಡಲು, ಎದುರಿಗೆ ಮೀನಿನ ಲಾರಿ.