ಡಬ್ಲ್ಯೂಪಿಸಿ ಹಲಗೆ ಮರವಲ್ಲ, ಲೇಸರ್‌ಗೆ ಇಡಬೇಡಿ

‘ಅಣ್ಣಾ, ಇದೂ ಮರಾನೇ. ಗೆದ್ದಲು ಹತ್ತಲ್ಲ, ನೀರು ಬಿದ್ರೂ ಏನಾಗಲ್ಲ. ಇದ್ರಲ್ಲೇ ಗಡಿಯಾರದ ಡಯಲ್ ಕಟ್ ಮಾಡ್ಕೊಡಿ.’

ಹೋಳೂರು, ಮಾಲೂರು, ಮುಳಬಾಗಿಲು, ಕೋಲಾರ ಜಿಲ್ಲೆಯ ಯಾವ ಕಡೆಯವರೇ ಆಗಲಿ, ಲೇಸರ್ ಕಟಿಂಗ್ ಅಂಗಡಿಗೆ ಡಬ್ಲ್ಯೂಪಿಸಿ ಹಲಗೆಯ ತುಂಡು ಹಿಡಿದು ಬಂದಾಗ ಹೇಳುವುದು ಇದನ್ನೇ. ಎಷ್ಟು ಸಲ ಬಿಡಿಸಿ ಹೇಳಿದರೂ ಈ ನಂಬಿಕೆ ಅಲ್ಲಾಡುವುದಿಲ್ಲ. ಅದು ಮರವಲ್ಲ. ಮಾರುಕಟ್ಟೆಯಲ್ಲಿ ಸಿಗುವ ಇಂಥ ಹಲಗೆಗಳಲ್ಲಿ ಹೆಚ್ಚಿನವು ಪಿವಿಸಿ ಪ್ಲಾಸ್ಟಿಕ್ಕಿಗೆ ಮರದ ಪುಡಿ, ಸುಣ್ಣಕಲ್ಲಿನ ಪುಡಿ ಬೆರೆಸಿ ಉಬ್ಬಿಸಿದವು. ಬಚ್ಚಲುಮನೆಯ ಬಾಗಿಲಿಗೆ ಒಳ್ಳೆಯ ವಸ್ತು, ಅದರಲ್ಲಿ ಎರಡು ಮಾತಿಲ್ಲ. ಉಳಿದ ತುಂಡನ್ನು ಲೇಸರ್ ಕೆಳಗೆ ಇಟ್ಟಾಗಲೇ ಅಪಾಯ ಶುರುವಾಗುವುದು.

ಲೇಸರ್ ಗರಗಸದ ಹಾಗೆ ಕೊಯ್ಯುವುದಿಲ್ಲ, ಸುಡುತ್ತದೆ. ನಮ್ಮ ಅಂಗಡಿಗಳಲ್ಲಿ ಮರ ಕತ್ತರಿಸುವುದು ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ವಿಜ್ಞಾನಿ ಕುಮಾರ್ ಪಟೇಲ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1964ರಲ್ಲಿ ರೂಪಿಸಿದ್ದು. ಅದರ ಕಿರಣ ಕಣ್ಣಿಗೆ ಕಾಣದು. ಬಿದ್ದ ಜಾಗದಲ್ಲಿ ವಸ್ತು ಕ್ಷಣದಲ್ಲಿ ಆವಿಯಾಗುತ್ತದೆ. ಆದ್ದರಿಂದ ವಸ್ತುವಿನೊಳಗೆ ಏನಿದೆಯೋ ಅದೇ ಹೊಗೆಯಾಗಿ ಹೊರಗೆ ಬರುವುದು.

ಶುದ್ಧ ಪಿವಿಸಿಯ ತೂಕದಲ್ಲಿ ಸುಮಾರು ಶೇ 57ರಷ್ಟು ಕ್ಲೋರಿನ್. ಸುಟ್ಟಾಗ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗುತ್ತದೆ, ತೇವ ತಾಗಿದರೆ ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣು, ಗಂಟಲು, ಶ್ವಾಸಕೋಶ ಮೂರರಲ್ಲೂ ತೇವವಿದೆ. ಯಂತ್ರದ ಹಳಿಗೆ ತುಕ್ಕು ಹಿಡಿಯುತ್ತದೆ, ಕನ್ನಡಿ, ಲೆನ್ಸ್ ಹಾಳಾಗುತ್ತವೆ. ‘ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ’ ಎಂದು ವಾದಿಸುವವರಿದ್ದಾರೆ. ಹೊಗೆ ಫ್ಯಾನಿಗೆ ತಲುಪುವುದು ಯಂತ್ರದ ಒಳಭಾಗವನ್ನೆಲ್ಲ ಸವರಿಕೊಂಡ ಮೇಲೆ; ಆಮೇಲೆ ಹೋಗುವುದು ಪಕ್ಕದ ಮನೆಯ ಕಿಟಕಿಗೆ. ‘ಮರದ ವಾಸನೆಯೇ ಬಂತು’ ಎನ್ನುವುದೂ ಪುರಾವೆಯಲ್ಲ, ಬೆರೆಸಿದ ಮರದ ಪುಡಿ ಸುಟ್ಟರೆ ಮರದ ವಾಸನೆ ಬರಲೇಬೇಕು. ನೀರಿನಲ್ಲಿ ತೇಲಿತು ಎನ್ನುವುದಕ್ಕೂ ಅರ್ಥವಿಲ್ಲ. ಉಬ್ಬಿಸಿದ ಪಿವಿಸಿಯೂ ತೇಲುತ್ತದೆ.

ಅನುಮಾನವಿದ್ದರೆ ಹಳೆಯ ರಸಾಯನಶಾಸ್ತ್ರದ ಪರೀಕ್ಷೆಯೊಂದಿದೆ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಹಲಗೆಗೆ ಒತ್ತಿ, ತಂತಿಗೆ ಅಂಟಿದ್ದನ್ನು ಮತ್ತೆ ಗ್ಯಾಸ್ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಕ್ಲೋರಿನ್ ಇದೆಯೆಂದೇ ತಿಳಿಯಬೇಕು. ಬಯಲಲ್ಲಿ ಮಾಡಿ, ಸಾಸಿವೆಯಷ್ಟು ಅಂಟಿದರೆ ಸಾಕು.

ಹಾಗಾದರೆ ಯಾವ ಹಲಗೆ ತರಬೇಕು? ದುಬಾರಿ ಪ್ಲೈವುಡ್ ಲೇಸರ್‌ನಲ್ಲಿ ಚೆನ್ನಾಗಿ ಕಟ್ ಆಗುತ್ತದೆ ಎನ್ನುವುದೂ ಸುಳ್ಳು. ಐಎಸ್ 710 ಮುದ್ರೆಯ ಮರೈನ್ ಪ್ಲೈನಲ್ಲಿರುವ ಫಿನಾಲಿಕ್ ಅಂಟು ಕಿರಣಕ್ಕೆ ಜಗ್ಗದೆ ಕರಕಲಾಗುತ್ತದೆ. ಗೋಡೆ ಗಡಿಯಾರಕ್ಕೆ ಐಎಸ್ 303ರ ಎಂಆರ್ (ತೇವ ತಾಳುವ) ದರ್ಜೆಯ ತೆಳು ಪ್ಲೈ ಸಾಕು, ಒಣಗಿದ ತೆಳು ಮಾವಿನ ಹಲಗೆಯಾದರೆ ಇನ್ನೂ ಚೆಂದ. ಶ್ರೀನಿವಾಸಪುರದ ಮಾವಿನ ತೋಪುಗಳಿರುವ ನಮ್ಮ ಜಿಲ್ಲೆಯಲ್ಲಿ ಮಾವಿನ ಮರಕ್ಕೆ ಬರವೇ? ಡಯಲ್ ಮೇಲಿನ ಕನ್ನಡ ಅಂಕಿ ಲೇಸರ್‌ಗೆ ಆಗುವುದಿಲ್ಲ ಎನ್ನುತ್ತಾರೆ, ಅದೂ ಸುಳ್ಳು. ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ ಫೈಲ್ ಕೊಟ್ಟರೆ ೧ರಿಂದ ೧೨ರವರೆಗೆ ಎಲ್ಲವೂ ಬರುತ್ತವೆ. ಆರಪಾರ ಕೊರೆಯುವುದಾದರೆ ಮಾತ್ರ ೧೦ರ ಸೊನ್ನೆಯ ನಡುವಿನ ತುಂಡು ಉದುರದಂತೆ ಸಣ್ಣ ಸೇತುವೆ ಬಿಡಬೇಕು. ಗಡಿಯಾರದ ಬಗ್ಗೆ ಇನ್ನೊಂದು ಸುಳ್ಳೂ ಓಡಾಡುತ್ತದೆ: ಜಾಹೀರಾತಿನ ಗಡಿಯಾರಗಳು 10:10 ತೋರಿಸುವುದು ಅಮೆರಿಕದ ಅಧ್ಯಕ್ಷ ಲಿಂಕನ್ ಸತ್ತ ಸಮಯವೆಂದಲ್ಲ. ಆತನಿಗೆ ಗುಂಡು ಬಿದ್ದದ್ದು 1865ರ ಏಪ್ರಿಲ್ 14ರ ರಾತ್ರಿ, ಪ್ರಾಣ ಹೋದದ್ದು ಮರುದಿನ ಬೆಳಿಗ್ಗೆ 7:22ಕ್ಕೆ.

ಲಿಂಕನ್ ಕಥೆ ನಂಬಿದರೆ ಯಾರಿಗೂ ನಷ್ಟವಿಲ್ಲ. ಆದರೆ ನಂಬುವ ಅಭ್ಯಾಸ ಎರಡೂ ಕಡೆ ಒಂದೇ. ತರಕಾರಿಯನ್ನು ಮುರಿದು, ಮೂಸಿ ಕೊಳ್ಳುವ ಜನ, ಹಲಗೆಯ ವಿಷಯದಲ್ಲಿ ಡೀಲರ್ ಹೇಳಿದ ಒಂದು ಮಾತಿಗೆ, ಫೋನಿಗೆ ಬಂದ ಒಂದು ವಿಡಿಯೊಗೆ ತಲೆಯಾಡಿಸುತ್ತಾರೆ. ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. ಕೊರೆಯಲು ಒಪ್ಪದ ಅಂಗಡಿಯವನಿಗೆ ಸೊಕ್ಕು ಎಂದು ಬೈದು, ಅದೇ ತುಂಡನ್ನು ಇನ್ನೊಂದು ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಯಂತ್ರದ ಪಕ್ಕ ನಿಂತು ದಿನವಿಡೀ ಆ ಹೊಗೆ ಕುಡಿಯುವವನು ಇಪ್ಪತ್ತರ ಆಸುಪಾಸಿನ ಹುಡುಗ. ತಾನು ಕೊರೆಯುತ್ತಿರುವುದು ಮರವೆಂದು ಅವನಿಗೂ ಯಾರೋ ಹೇಳಿರುತ್ತಾರೆ.