ಒಂದೇ ಬೆಟ್ಟದ ನಾಲ್ಕು ಕಾಡು

ಹರವೆ ಹೋಬಳಿಯ ಊರುಗಳಿಗೆ ಎರಡು ಕಾಡು ಹತ್ತಿರ. ಗುಂಡ್ಲುಪೇಟೆ ದಾಟಿದರೆ ಬಂಡೀಪುರ, ಚಾಮರಾಜನಗರ ದಾಟಿದರೆ ಬಿಳಿಗಿರಿರಂಗನ ಬೆಟ್ಟ. ಹೊರಗಿನಿಂದ ಬಂದವರು ಮೊದಲು ಕೇಳುವುದು ಬಂಡೀಪುರದ ದಾರಿಯನ್ನೇ. 1973ರಲ್ಲಿ ಹುಲಿ ಯೋಜನೆಗೆ ಮೊದಲು ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಅದೂ ಒಂದು. ಸಫಾರಿಯಲ್ಲಿ ಪ್ರಾಣಿಗಳು ಕಣ್ಣಿಗೆ ಬೀಳುವುದೂ ಅಲ್ಲೇ ಹೆಚ್ಚು. ಆದರೆ ಅದು ಬಹುಪಾಲು ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು. ಮಳೆಕಾಡಿನ ದಟ್ಟ ನೆರಳು ನೋಡಬೇಕೆಂದರೆ ನಮ್ಮ ಕಡೆಯವರು ಆಗುಂಬೆಯವರೆಗೆ ಹೋಗಬೇಕಾಗಿಲ್ಲ. ಪೂರ್ವಕ್ಕೆ ತಿರುಗಿ ರಂಗನ ಬೆಟ್ಟ ಹತ್ತಿದರೆ ಸಾಕು.

ಬೆಟ್ಟದ ಬುಡ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅತಿ ಎತ್ತರದ ಕಟ್ಟಾರಿ ಬೆಟ್ಟ 1800 ಮೀಟರ್ ಮುಟ್ಟುತ್ತದೆ. ಕೆಳಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬೀಳುವ ಮಳೆ ಮೇಲಕ್ಕೆ ಹೋದಂತೆ ದುಪ್ಪಟ್ಟು ದಾಟುತ್ತದೆ. ಮುಂಗಾರು, ಹಿಂಗಾರು ಎರಡೂ ಈ ಬೆಟ್ಟಕ್ಕೆ ಸುರಿಯುತ್ತವೆ. ಹಾಗಾಗಿ ಒಂದೇ ಬೆಳಿಗ್ಗೆಯ ಪಯಣದಲ್ಲಿ ಮುಳ್ಳುಪೊದೆ, ದಿಂಡಿಗ-ಮತ್ತಿ-ಹೊನ್ನೆಯ ಎಲೆ ಉದುರುವ ಕಾಡು, ಹುಲ್ಲುಗುಡ್ಡ, ಆ ಗುಡ್ಡಗಳ ಸಂದಿನಲ್ಲಿ ಹಸಿರು ಹೆಪ್ಪುಗಟ್ಟಿದಂತಿರುವ ಶೋಲಾ ಎಲ್ಲವನ್ನೂ ಹಾದುಹೋಗಬಹುದು. ಇಲ್ಲಿನ ಬುಡಕಟ್ಟಿನವರಾದ ಸೋಲಿಗರು ಇವನ್ನು ನಾಡುಕಾಡು, ಮಾಲೆಕಾಡು, ಕಾನುಕಾಡು, ಬೋಳೆಕಾಡು ಎಂದು ಎಂದಿನಿಂದಲೋ ಬೇರೆಬೇರೆಯಾಗಿ ಗುರುತಿಸುತ್ತ ಬಂದಿದ್ದಾರೆ.

ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳು ಕೈ ಚಾಚಿ ಮುಟ್ಟುವ ಜಾಗವಿದು. ಪಕ್ಷಿತಜ್ಞ ಸಲೀಂ ಅಲಿ 1939ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಹೊರಟಾಗ ಈ ಬೆಟ್ಟಕ್ಕೂ ಬಂದಿದ್ದರು. ಇಲ್ಲಿಂದ ಸತ್ಯಮಂಗಲದ ಕಾಡಿಗೂ ಮಲೆ ಮಹದೇಶ್ವರ ಬೆಟ್ಟದ ಕಡೆಗೂ ಆನೆಗಳು ಈಗಲೂ ಓಡಾಡುತ್ತವೆ.

ಸಾವಿರಾರು ಮಂದಿ ಇಲ್ಲಿಗೆ ಬರುವುದು ರಂಗನಾಥನಿಗಾಗಿ. ಸೋಲಿಗರಿಗೆ ಆತ ಭಾವ. ಅವರ ಮನೆಮಗಳು ಕುಸುಮಾಲೆಯನ್ನು ಮದುವೆಯಾದವನು. ಆದರೆ ಅವರ ಇನ್ನೊಬ್ಬ ದೈವ ಕಾಡಿನೊಳಗಿದೆ. ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ, ನೂರಾರು ವರ್ಷ ಹಳೆಯ ಮರ. ಗುಡಿಯಿಲ್ಲ, ಗೋಪುರವಿಲ್ಲ, ಬುಡದಲ್ಲಿ ಸಾಲು ಸಾಲು ಕಲ್ಲುಗಳು. ಅಷ್ಟು ದೊಡ್ಡ ಮರ ಇಷ್ಟು ಕಾಲ ಕೊಡಲಿಗೆ ಸಿಗದೆ ಉಳಿದದ್ದು ಅದನ್ನು ದೇವರೆಂದು ಕಂಡವರ ಕಣ್ಗಾವಲಿನಿಂದ ಎಂದೇ ನಾನು ನಂಬುತ್ತೇನೆ.

1974ರಲ್ಲಿ ಈ ಬೆಟ್ಟದ ಕಾಡು ವನ್ಯಜೀವಿಧಾಮವಾಯಿತು. ಬೇಟೆಯ ಜೊತೆಗೆ ಸೋಲಿಗರ ಬೇಸಾಯವೂ ನಿಂತಿತು. ಕಾಡೊಳಗಿನ ಪೋಡುಗಳನ್ನು, ಅಂದರೆ ತಮ್ಮ ಹಾಡಿಗಳನ್ನು ಬಿಟ್ಟು ಎಷ್ಟೋ ಕುಟುಂಬಗಳು ರಸ್ತೆಬದಿಯ ಕಾಲೊನಿಗಳಿಗೆ ಬಂದವು. ಅದರೊಂದಿಗೆ ನಿಂತುಹೋದದ್ದು ತರಗು ಬೆಂಕಿ. ಚಳಿಗಾಲ ಮುಗಿಯುವ ಹೊತ್ತಿಗೆ, ಹುಲ್ಲು ಪೂರ್ತಿ ಒಣಗುವ ಮುನ್ನ ತರಗೆಲೆಗೆ ಸಣ್ಣಗೆ ಹಚ್ಚುತ್ತಿದ್ದ ಬೆಂಕಿ ಅದು. ನೆಲದ ಮೇಲಷ್ಟೇ ಹರಿದು ಆರುತ್ತಿತ್ತು, ದೊಡ್ಡ ಮರಗಳನ್ನು ಸುಡುತ್ತಿರಲಿಲ್ಲ. ಆ ಬೆಂಕಿ ನಿಂತ ಮೇಲೆಯೇ ಲಂಟಾನ ಕಾಡೆಲ್ಲ ತುಂಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು ಎಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದರು. ಇಲ್ಲಿ ದಶಕಗಳಿಂದ ಅಧ್ಯಯನ ನಡೆಸುತ್ತಿರುವ ಏಟ್ರೀ ಸಂಸ್ಥೆಯ ಸಂಶೋಧಕರೂ ಆ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಲಂಟಾನದ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದಿದ್ದರೆ ಕಡವೆ, ಕಾಟಿಗಳಿಗೆ ಮೇವಿಲ್ಲ. ಜೀಪಿನಲ್ಲಿ ಕುಳಿತು ಬರೀ ಹುಲಿಯನ್ನೇ ಹುಡುಕುವ ಕಣ್ಣಿಗೆ ರಸ್ತೆಯ ಎರಡೂ ಬದಿಯ ಈ ಮುಳ್ಳುಗೋಡೆ ಕಾಣುವುದೇ ಇಲ್ಲ, ಅದೇ ನನ್ನ ಸಂಕಟ.

2011ರ ಜನವರಿಯಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳೂ ಸಿಕ್ಕವು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಇವರು ಮೊದಲಿಗರು. ಜೇನು, ನೆಲ್ಲಿ, ಅಂಟುವಾಳ, ಸೀಗೆ ಅವರ ಬದುಕಿನ ಆಧಾರ. ವಿಜ್ಞಾನಿಗಳು ಈ ಬೆಟ್ಟದಲ್ಲಿ ಕಂಡ ಹೊಸ ಕಣಜವೊಂದರ ಕುಲಕ್ಕೆ ‘ಸೋಲಿಗ’ ಎಂದೇ ಹೆಸರಿಟ್ಟಿದ್ದಾರೆ.

ಹೋಗುವವರಿಗೆ ಎರಡು ದಾರಿ: ಯಳಂದೂರಿನಿಂದ ಒಂದು, ಚಾಮರಾಜನಗರದಿಂದ ಕೆ. ಗುಡಿ ಮೂಲಕ ಇನ್ನೊಂದು. ಕಾಡು ನೋಡುವ ಆಸೆಯಿದ್ದರೆ ಎರಡನೆಯದೇ ವಾಸಿ. ಕೆ. ಗುಡಿಯಲ್ಲಿ ಸಫಾರಿ ಇದೆ. ಮಳೆಗಾಲ ಮುಗಿದ ಕೂಡಲೇ ಹೋದರೆ ಕಾಡು ತುಂಬಿಕೊಂಡಿರುತ್ತದೆ. ಕತ್ತಲಾಗುವ ಮುನ್ನ ತನಿಖಾ ಠಾಣೆ ದಾಟಿಕೊಳ್ಳಿ. ದೊಡ್ಡ ಸಂಪಿಗೆಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಬಾರದು. ಬೆಟ್ಟದ ಮೇಲೆ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಿದೆ. ಆಸ್ಪತ್ರೆ, ಶಾಲೆ ಎರಡೂ ಅಲ್ಲಿವೆ. ಸಾಧ್ಯವಾದರೆ ಸೋಲಿಗರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಮರಗಳ ಹೆಸರು ಕೇಳುತ್ತ ನಿಧಾನವಾಗಿ ಹತ್ತಿ.